ಬಾಂಡ್ ಪೇಪರ್‌ಗೆ ಹೆಬ್ಬೆಟ್ಟು ಒತ್ತಬೇಡಿ, ನಾನು ಒತ್ತಿ ಕೆಟ್ಟೆ

ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಶೆಡ್ಡು. ನಾವು ಎಂಟೇ ಮಂದಿ. ಹತ್ತಾದರೆ ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟಬೇಕಲ್ಲ, ಹಾಗಾಗಿ ಮಾಲೀಕರು ಎಂಟು ದಾಟಲಿಲ್ಲ. ಗಾರ್ಡ್ ಇದ್ದರೆ ಪೀಸ್ ಕಡಿಮೆ ಬೀಳುತ್ತವೆ ಅಂತ, ಪವರ್ ಪ್ರೆಸ್ ಮಷೀನಿಗೆ ಕೈ ಸಿಗದಂತೆ ತಡೆಯುವ ಆ ಗಾರ್ಡನ್ನೂ ಅವರೇ ಬಿಚ್ಚಿಸಿದ್ದರು. 2023ರ ಏಪ್ರಿಲ್‌ನಲ್ಲಿ ನನ್ನ ಬಲಗೈಯ ಎರಡು ಬೆರಳು ಹೋದವು. ಆಗ ನನಗೆ 30 ವರ್ಷ, ಸಂಬಳ 18,000.

ಆಸ್ಪತ್ರೆ ಬಿಲ್ ಅವರೇ ಕಟ್ಟಿದರು. ದೇವರಂಥ ಮನುಷ್ಯ ಅಂದುಕೊಂಡೆ. ಚಿಕಿತ್ಸೆ ಖರ್ಚು ಕೊಡುವುದು ಕಾನೂನಿನ ಪ್ರಕಾರ ಅವರ ಹೊಣೆ ಅಂತ ಗೊತ್ತಾಗಿದ್ದು ಆಮೇಲೆ.

ಬ್ಯಾಂಡೇಜ್ ಬಿಚ್ಚುವ ಮೊದಲೇ ಓಣಿಯ ಪುಢಾರಿಯೊಬ್ಬರನ್ನು ಕರೆದುಕೊಂಡು ಮನೆಗೆ ಬಂದರು. ಮೇ 10ಕ್ಕೆ ವಿಧಾನಸಭೆ ಎಲೆಕ್ಷನ್. ಪುಢಾರಿಗೆ ಓಣಿಯ ವೋಟೂ ಬೇಕು, ಮಾಲೀಕರ ದುಡ್ಡೂ ಬೇಕು. "ಆರ್ಡರ್ ಇಲ್ಲ, ಸಾಲ ಕುತ್ತಿಗೀಗೆ ಬಂದೈತಿ. ನೀ ಕೇಸ್ ಹಾಕಿದ್ರ ಶೆಡ್ ಮುಚ್ಚೂದ. ಏಳು ಮಂದಿ ಹೊಟ್ಟಿ ಮ್ಯಾಲೆ ಹೊಡದಂಗ ನೋಡು" ಅಂದರು ಮಾಲೀಕರು. ಈ ಮಾತಿಗೆ ನಾನು ಸೋತೆ. 50,000 ಕೊಟ್ಟು, ಇನ್ನು ಯಾವ ಪರಿಹಾರವನ್ನೂ ಕೇಳುವುದಿಲ್ಲ ಅಂತ ಬರೆಸಿಕೊಂಡರು. ಓದು ಬರಹ ಬಲ್ಲ ನಾನು ಎಡಗೈ ಹೆಬ್ಬೆಟ್ಟು ಒತ್ತಿದೆ.

ಶೆಡ್ ಏನೂ ಮುಚ್ಚಲಿಲ್ಲ. ದೀಪಾವಳಿಗೆ ಹೊಸ ಮಷೀನ್ ಬಂತು. ನನಗೆ ಮಾತ್ರ ಕೆಲಸ ಇರಲಿಲ್ಲ.

2025ರ ಜೂನ್‌ನಲ್ಲಿ ಧಾರವಾಡದ ವಕೀಲರೊಬ್ಬರು 1923ರ ನೌಕರರ ಪರಿಹಾರ ಕಾಯ್ದೆ ತೆಗೆದು ಲೆಕ್ಕ ತೋರಿಸಿದರು. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿ ಶೇ. 20 ಹೋಯಿತು ಅಂತ ಲೆಕ್ಕ. ಸಂಬಳದ ಶೇ. 60ನ್ನು ನನ್ನ ವಯಸ್ಸಿಗೆ ಇಟ್ಟ 207.98ರಿಂದ ಗುಣಿಸಿ, ಅದರಲ್ಲಿ ಆ ಶೇ. 20. ಸಂಬಳ ಎಷ್ಟೇ ಇರಲಿ, ಆ ಕಾಯ್ದೆಯಲ್ಲಿ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 15,000 ಮಾತ್ರ. ಹಾಗೆ ಬಂದಿದ್ದು 3,74,364 ರೂಪಾಯಿ. ಪೂರ್ತಿ 18,000 ಹಿಡಿದಿದ್ದರೆ ಸುಮಾರು 4.49 ಲಕ್ಷ. ಆ 15,000 ಆದದ್ದೂ 2020ರ ಜನವರಿಯಲ್ಲಿ. ಅದಕ್ಕೂ ಮೊದಲು ಸುಮಾರು ಹತ್ತು ವರ್ಷ 8,000ಕ್ಕೇ ನಿಂತಿತ್ತು. ಆಗ ಬೆರಳು ಹೋಗಿದ್ದರೆ ಎರಡು ಲಕ್ಷವೂ ಸಿಗುತ್ತಿರಲಿಲ್ಲ! ಎಣ್ಣೆ, ಬೇಳೆ ರೇಟು ತಾನೇ ಏರುತ್ತೆ. ಬೆರಳಿನ ರೇಟು ಏರಬೇಕಾದರೆ ದಿಲ್ಲಿಯಲ್ಲಿ ಯಾರೋ ಸಹಿ ಹಾಕಬೇಕು. ಈ ಹಳೆ ಕಾಯ್ದೆಯ ಜಾಗಕ್ಕೆ 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದ್ದು 2025ರ ನವೆಂಬರ್‌ನಲ್ಲಿ, ಅಂದರೆ ನೋಡಿ.

ಪರಿಹಾರ ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟ ಬಾಂಡ್ ಕಾಯ್ದೆಯ ಮುಂದೆ ನಿಲ್ಲುವುದಿಲ್ಲವಂತೆ. ಆದರೆ 1923ರ ಆ ಕಾಯ್ದೆಯಲ್ಲಿ ಅರ್ಜಿ ಹಾಕಲು ಎರಡು ವರ್ಷ ಗಡುವು ಇತ್ತು. ನಾನು ಹೋಗುವಷ್ಟರಲ್ಲಿ ಎರಡು ತಿಂಗಳು ಮೀರಿತ್ತು. ಬಾಂಡ್ ಇದೆ, ಮುಗೀತು ಅಂತ ಸುಮ್ನೆ ಕೂತಿದ್ದೆ.

ಇನ್ನೊಂದು. ಆಸ್ಪತ್ರೆ ಚೀಟಿಯಲ್ಲಿ ಕೆಲಸದ ಮೇಲೆ ಆದ ಗಾಯ ಅಂತಲೇ ಬರೆಸಿ. ನನ್ನ ಚೀಟಿಯಲ್ಲಿ ಬಾಗಿಲಿಗೆ ಸಿಕ್ಕು ಅಂತಿದೆ, ಸೂಪರ್‌ವೈಸರ್ ಹೇಳಿ ಬರೆಸಿದ್ದು. ಸಂಬಳ ಬ್ಯಾಂಕಿಗೆ ಹಾಕಿಸಿಕೊಳ್ಳಿ. ನಗದು ತಗೊಂಡರೆ ನೀವು ಅಲ್ಲಿ ದುಡಿದಿದ್ದಕ್ಕೇ ಸಾಕ್ಷಿ ಇರಲ್ಲ.

ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಅರ್ಜಿ ತಗೊಳ್ಳಬಹುದು ಅಂದಿದ್ದಾರೆ ವಕೀಲರು. ಅದಕ್ಕೇ ಓಡಾಡುತ್ತಿದ್ದೇನೆ. ಸಾಕ್ಷಿ ಹೇಳಿ ಅಂತ ಪುಢಾರಿಗೆ ಫೋನ್ ಮಾಡಿದೆ. ಎತ್ತುತ್ತಿಲ್ಲ.