ತುಮಕೂರಿಂದ ಕರಾವಳಿಗೆ: ಬಸ್ಸಿಗೆ ನಾಲ್ಕು ಸ್ಟಾರ್, ಬಸ್ ಬದಲಾಯಿಸೋದಕ್ಕೆ ಎರಡೇ

ರೇಟಿಂಗ್ ಮೊದಲೇ ಹಾಕಿಬಿಡುತ್ತೇನೆ. ಮಂಗಳೂರು–ಉಡುಪಿ ಕಡೆಯ ಬಸ್ಸುಗಳಿಗೆ ಐದಕ್ಕೆ ನಾಲ್ಕು ಸ್ಟಾರ್. ಅಲ್ಲಿ ಒಂದು ಬಸ್ ಇಳಿದು ಇನ್ನೊಂದು ಹತ್ತುವ ವ್ಯವಸ್ಥೆಗೆ ಎರಡು, ಅದೂ ಅಲ್ಲಿನ ಕಂಡಕ್ಟರುಗಳ ಮುಖ ನೋಡಿ. ತುಮಕೂರಿಂದ ಅಲ್ಲಿವರೆಗಿನ ದಾರಿಗೆ ಎಷ್ಟು ಕೊಡಬೇಕೋ ಓದಿ ನೀವೇ ಹೇಳಿ.

ನನ್ನ ತಂಗಿಯನ್ನು ಕೊಟ್ಟಿರುವುದು ಬೆಳ್ಮಣ್ ಹತ್ತಿರ, ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ. ನಾಮಕರಣ, ಕೋಲ, ಅವಳತ್ತೆಗೆ ಹುಷಾರಿಲ್ಲ, ಇಲ್ಲಾ ಸುಮ್ನೆ ಬೇಸಿಗೆ ರಜೆ ಅಂತ ಏನಾದರೊಂದು ನೆಪಕ್ಕೆ ಹೋಗುತ್ತಲೇ ಇರುತ್ತೇನೆ. ಕಾರಿಲ್ಲ. ಇದ್ದಿದ್ದರೂ ಶಿರಾಡಿ ಘಾಟಿಯಲ್ಲಿ ಟ್ಯಾಂಕರುಗಳ ಹಿಂದೆ ಓಡಿಸುವ ಧೈರ್ಯ ನಮ್ಮ ಮನೆಯವರಿಗಿಲ್ಲ. ಹಾಗಾಗಿ ಬಸ್ಸೇ ಗತಿ. ನನಗೆ ಬಸ್ಸೇ ಇಷ್ಟ ಕೂಡ, ಅದು ಬೇರೆ ಮಾತು.

ತಮಾಷೆ ಏನಂದ್ರೆ ರಸ್ತೆ ಲೆಕ್ಕದಲ್ಲಿ ನಾವು ಕರಾವಳಿಗೆ ದೂರದವರೇನಲ್ಲ. ರಾಷ್ಟ್ರೀಯ ಹೆದ್ದಾರಿ 73 ಮಂಗಳೂರಲ್ಲಿ ಶುರುವಾಗಿ, ಚಾರ್ಮಾಡಿ ಹತ್ತಿ, ಮೂಡಿಗೆರೆ, ಬೇಲೂರು, ಅರಸೀಕೆರೆ, ತಿಪಟೂರು ಮೇಲೆ ಬಂದು ನಮ್ಮ ತುಮಕೂರಲ್ಲೇ ಮುಗಿಯುತ್ತದೆ. ಊರೊಳಗಿನ ಬಿ.ಎಚ್. ರೋಡ್ ಕೂಡ ಬೆಂಗಳೂರು–ಹೊನ್ನಾವರ ರಸ್ತೆಯೇ ಅಲ್ವಾ? ಆದರೆ ಬಸ್ಸುಗಳು ಹರಿಯುವುದು ಬೇರೆ ಕಡೆ. ಬೆಂಗಳೂರು–ಮಂಗಳೂರು ಬಸ್ಸುಗಳು ನೆಲಮಂಗಲದಲ್ಲೇ ನಮ್ಮ ಹೆದ್ದಾರಿ ಬಿಟ್ಟು 75 ಹಿಡಿದು ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ಅಂತ ಹೋಗಿಬಿಡುತ್ತವೆ. 2017ರಲ್ಲಿ ಶುರುವಾದ ಬೆಂಗಳೂರು–ಹಾಸನ ನೇರ ರೈಲು ಮಾರ್ಗವೂ ಕುಣಿಗಲ್ ಮೇಲೇ. ಕುಣಿಗಲ್ ನಮ್ಮ ಜಿಲ್ಲೆಯದೇ, ಸಂತೋಷ. ತುಮಕೂರು ಟೌನಲ್ಲಿ ಕೂತವರು ಮಾತ್ರ ಅಲ್ಲಿಗೂ ಒಂದು ಬಸ್ ಹಿಡಿದೇ ಹೋಗಬೇಕು.

ನೇರ ಬಸ್ಸಿನ ಟೈಮು ನಮಗೆ ಹೊಂದದ ದಿನ ಮೂರು ದಾರಿ ಇವೆ. ಉಲ್ಟಾ ಬೆಂಗಳೂರು ಕಡೆ ಹೋಗಿ ನೆಲಮಂಗಲದಲ್ಲಿ ಇಳಿದು ರಸ್ತೆ ಬದಿ ಕೈ ಅಡ್ಡ ಹಾಕುವುದು ಒಂದು. ರಿಸರ್ವೇಶನ್ ಬಸ್ಸಿನವರು ನಿಲ್ಲಿಸಿದರೆ ನಿಮ್ಮ ಪುಣ್ಯ. ಇಲ್ಲಾಂದ್ರೆ ಕುಣಿಗಲ್‌ಗೆ ಹೋಗಿ ಹಿಡಿಯಬಹುದು, ಆದರೆ ಆ ಬಸ್ಸು ಊರೊಳಗೆ ಬರುತ್ತಾ, ಬೈಪಾಸಲ್ಲೇ ಹೋಗುತ್ತಾ ಅಂತ ಮೊದಲೇ ವಿಚಾರಿಸಿಕೊಳ್ಳಬೇಕು. ಮೂರನೆಯದು ಗುಬ್ಬಿ, ತಿಪಟೂರು, ಅರಸೀಕೆರೆ ಮೇಲೆ ಹಾಸನ. ನನ್ನ ಓಟು ಇದಕ್ಕೆ. ಒಂದಷ್ಟು ಸುತ್ತು, ನಿಜ. ಆದರೆ ಹಾಸನದಲ್ಲಿ ಇಳಿದ ಜಾಗದಲ್ಲೇ ಮುಂದಿನ ಬಸ್ ಸಿಗುತ್ತದೆ. ತಲೆ ಮೇಲೆ ಸೂರಿದೆ, ಕಾಫಿ ಸಿಗುತ್ತದೆ, ಟಾಯ್ಲೆಟ್ ಇದೆ, ಮಂಗಳೂರು ಬಸ್ ಎಲ್ಲಿ ನಿಲ್ಲುತ್ತದೆ ಅಂತ ಬೋರ್ಡಿದೆ. ಬಸ್ ಬದಲಾಯಿಸುವವರಿಗೆ ಬೇಕಾಗಿರುವುದು ಇಷ್ಟೇ. ಘಾಟಿ ಇಳಿದ ಮೇಲೆ ಇಷ್ಟೂ ಸಿಗುವುದಿಲ್ಲ ಅನ್ನುವುದೇ ನನ್ನ ತಕರಾರು.

ಮಂಗಳೂರಿಗೆ ಬಂದ ಹೊಸಬರಿಗೆ ಮೊದಲು ತಲೆ ಕೆಡುವುದು ಇಲ್ಲೇ. ಸರ್ಕಾರಿ ಬಸ್ಸು ಬಿಡುವುದು ಬಿಜೈ ನಿಲ್ದಾಣದಲ್ಲಿ. ಸುತ್ತಲ ಊರುಗಳಿಗೆ ಹೋಗುವ ಖಾಸಗಿ ಸರ್ವಿಸ್ ಬಸ್ಸುಗಳು, ಸಿಟಿ ಬಸ್ಸುಗಳು ಹೊರಡುವುದು ಸ್ಟೇಟ್ ಬ್ಯಾಂಕ್ ಹತ್ತಿರದಿಂದ. ಎರಡಕ್ಕೂ ನಡುವೆ ಲಗೇಜ್ ಹಿಡಿದು ನಡೆಯುವಷ್ಟು ಹತ್ತಿರವೂ ಅಲ್ಲ, ಆಟೋಗೆ ದುಡ್ಡು ಕೊಡಲು ಮನಸ್ಸು ಬರುವಷ್ಟು ದೂರವೂ ಅಲ್ಲ. ಉಡುಪಿಯಲ್ಲೂ ಇದೇ ಕಥೆ. ಸಿಟಿ ಬಸ್ಸಿಗೆ ಒಂದು ಸ್ಟ್ಯಾಂಡು, ಸರ್ವಿಸ್ ಬಸ್ಸಿಗೆ ಇನ್ನೊಂದು, ಸರ್ಕಾರಿ ಬಸ್ಸಿಗೆ ಬನ್ನಂಜೆಯಲ್ಲಿ ಮತ್ತೊಂದು. ಕುಂದಾಪುರದಲ್ಲಿ ರೈಲು ಇಳಿದರೆ ನೀವು ಇರುವುದು ಮೂಡ್ಲಕಟ್ಟೆಯಲ್ಲಿ, ಪೇಟೆ ಇನ್ನೂ ಆಚೆ.

ಯಾಕೆ ಹೀಗೆ ಅಂದ್ರೆ ಹಳೇ ಲೆಕ್ಕ. ಮೈಸೂರು ಸೀಮೆಯಲ್ಲಿ ಸರ್ಕಾರಿ ಬಸ್ಸು ಶುರುವಾಗಿದ್ದು 1948ರಲ್ಲಿ, 120 ಬಸ್ಸುಗಳಿಂದ. ಆಗ ಮಂಗಳೂರು, ಉಡುಪಿ ಮದ್ರಾಸ್‌ಗೆ ಸೇರಿದ್ದವು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾಗಿ ನಮ್ಮ ಜೊತೆ ಬರುವ ಹೊತ್ತಿಗೆ ಅಲ್ಲಿ ಖಾಸಗಿ ಬಸ್ಸಿನವರು ಗಟ್ಟಿಯಾಗಿ ಬೇರು ಬಿಟ್ಟಿದ್ದರು. ಪಾವಗಡ, ಮಧುಗಿರಿ ಕಡೆ ಓಡಾಡುವ ನಮಗೆ ಖಾಸಗಿ ಬಸ್ಸು ಹೊಸದೇನಲ್ಲ. ಆದರೆ ಒಂದು ಇಡೀ ಜಿಲ್ಲೆಯ ದಿನನಿತ್ಯದ ಓಡಾಟ ಅದರ ಮೇಲೇ ನಿಂತಿರುವುದನ್ನು ನೋಡಬೇಕಂದ್ರೆ ಅಲ್ಲಿಗೇ ಹೋಗಬೇಕು.

ಬಸ್ಸನ್ನಂತೂ ಹೊಗಳಲೇಬೇಕು. ಮಂಗಳೂರಿಂದ ಉಡುಪಿ ಕಡೆಗೆ ಹಗಲು ಹೊತ್ತು ಬಸ್ಸಿಗೆ ಕಾಯುವುದು ಅಂತೇ ಇಲ್ಲ. ಒಂದು ಹೋದರೆ ಅದರ ಬೆನ್ನಿಗೇ ಇನ್ನೊಂದು. ಎಕ್ಸ್‌ಪ್ರೆಸ್ಸು ಬೇರೆ, ಎಲ್ಲಾ ಕಡೆ ನಿಲ್ಲಿಸುವ ಸರ್ವಿಸ್ಸು ಬೇರೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಸೀಟಿ ಊದುತ್ತಾ, "ದುಂಬು ಪೋಲೆ, ದುಂಬು ಪೋಲೆ" ಅಂತ ಜನರನ್ನು ಮುಂದಕ್ಕೆ ತಳ್ಳುತ್ತಾ, ಅದೇ ಉಸಿರಲ್ಲಿ ನನ್ನಂಥವಳಿಗೆ ಕನ್ನಡದಲ್ಲಿ "ಅಕ್ಕ, ಪಡುಬಿದ್ರಿ ಬಂದಾಗ ಹೇಳ್ತೇನೆ, ಕೂತ್ಕೊಳ್ಳಿ" ಅನ್ನುತ್ತಾನೆ. ಹೇಳಿದಂತೆ ಹೇಳುತ್ತಾನೆ ಕೂಡ. ಚಿಲ್ಲರೆ ಮರೆಯುವುದಿಲ್ಲ. ಓಡಿಸುವ ಸ್ಪೀಡಿಗೆ ಮಾತ್ರ ಒಂದು ಸ್ಟಾರ್ ಕಟ್. ಹೆಜಮಾಡಿ ಹತ್ತಿರ ಎದುರುಗಡೆ ಕಂಬಿ ಎರಡು ಕೈಯಲ್ಲಿ ಹಿಡಿದು ದೇವರನ್ನು ನೆನೆದಿದ್ದಿದೆ.

ಈಗ ಪಡುಬಿದ್ರಿಗೆ ಬರೋಣ. ಕರಾವಳಿಯ ನಕ್ಷೆ ನೋಡಿದರೆ ಅರ್ಥವಾಗುತ್ತದೆ. ಉದ್ದಕ್ಕೆ ಒಂದೇ ಹೆದ್ದಾರಿ, 66. ಅದಕ್ಕೆ ಅಡ್ಡಡ್ಡಲಾಗಿ ಪೂರ್ವಕ್ಕೆ ಘಟ್ಟದ ಕಡೆ, ಪಶ್ಚಿಮಕ್ಕೆ ಸಮುದ್ರದ ಕಡೆ ಸಣ್ಣ ರಸ್ತೆಗಳು. ಮೂಲ್ಕಿಯಿಂದ ಕಿನ್ನಿಗೋಳಿ, ಪಡುಬಿದ್ರಿಯಿಂದ ಕಾರ್ಕಳ, ಕಟಪಾಡಿಯಿಂದ ಶಿರ್ವ. ಮಧ್ಯೆ ನದಿಗಳು ಬೇರೆ, ಹಾಗಾಗಿ ಪಕ್ಕದ ಊರಿಗೆ ಹೋಗಬೇಕಂದ್ರೂ ಎಷ್ಟೋ ಕಡೆ ಹೆದ್ದಾರಿಗೆ ಬಂದೇ ಹೋಗಬೇಕು. ಅಂದ್ರೆ ಅಲ್ಲಿನ ಜನ ದಿನಾ ಬಸ್ ಬದಲಾಯಿಸುವುದು ದೊಡ್ಡ ಸ್ಟ್ಯಾಂಡುಗಳಲ್ಲಿ ಮಾತ್ರವಲ್ಲ, ಈ ಕ್ರಾಸುಗಳಲ್ಲಿ. ದುಡ್ಡು ಸುರಿದು ಸ್ಟ್ಯಾಂಡ್ ಕಟ್ಟುವವರ ಕಣ್ಣಿಗೆ ಈ ಕ್ರಾಸುಗಳು ಬೀಳುವುದೇ ಇಲ್ಲ.

ಹೆದ್ದಾರಿ ನಾಲ್ಕು ಪಥವಾದ ಮೇಲೆ ಇನ್ನೊಂದು ಫಜೀತಿ. ಮಂಗಳೂರಿಂದ ಹೋಗುವ ಬಸ್ಸು ಇಳಿಸುವುದು ಸಮುದ್ರದ ಬದಿಯಲ್ಲಿ. ಕಾರ್ಕಳದ ಬಸ್ಸು ಹೊರಡುವುದು ಎದುರು ಬದಿಯಲ್ಲಿ. ಮಧ್ಯೆ ಡಿವೈಡರ್, ಎರಡೂ ಕಡೆಯಿಂದ ನುಗ್ಗುವ ಲಾರಿ. ಮಕ್ಕಳು, ಚೀಲ, ಛತ್ರಿ ಎಲ್ಲಾ ಹಿಡಿದು ದಾಟಬೇಕು. ಮಳೆ ಅಂದ್ರೆ ನಮ್ಮ ಮಳೆ ಅಲ್ಲ. ತುಮಕೂರಲ್ಲಿ ಇಡೀ ವರ್ಷ ಬೀಳುವುದಕ್ಕಿಂತ ಜಾಸ್ತಿ ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ.

ಒಂದು ಸಂಜೆ ಹೀಗಾಯಿತು. ಘಾಟಿಯಲ್ಲಿ ಟ್ರಾಫಿಕ್ ಆಗಿ ಎಲ್ಲಾ ತಡ. ಪಡುಬಿದ್ರಿ ಮುಟ್ಟುವಾಗ ಕತ್ತಲಾಗುತ್ತಿತ್ತು. ನಾವಿದ್ದ ಬಸ್ಸಿನ ಕಂಡಕ್ಟರ್ ಎದುರು ಬದಿ ಕಾರ್ಕಳದ ಬಸ್ ನಿಂತಿರುವುದನ್ನು ನೋಡಿ, ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ, ಸೀಟಿ ಊದಿ, "ಕಾರ್ಲ ಉಂಡು, ಉಂತುಲೆ!" ಅಂತ, ಅಂದ್ರೆ ಕಾರ್ಕಳದ್ದು ಇದೆ, ನಿಲ್ಲಿ ಅಂತ ತುಳುವಲ್ಲಿ, ರಸ್ತೆಯ ಆಚೆಗೆ ಕೂಗಿದ. ಆ ಕಡೆಯವನು ಕೈ ಎತ್ತಿದ್ದೂ ಕಾಣಿಸಿತು. ನಾವು ಡಿವೈಡರ್ ತನಕ ಬಂದಿದ್ದೆವು. ಅಷ್ಟರಲ್ಲಿ ಅದರ ಹಿಂದೆ ಇನ್ನೊಂದು ಬಸ್ ಬಂದು ಹಾರ್ನ್ ಹೊಡೆಯಿತು, ಮುಂದಿನದು ಹೊರಟೇ ಹೋಯಿತು. ಹಿಂದೆ ಬಂದದ್ದು ನಮ್ಮ ದಾರಿಯದಲ್ಲ. ಮುಂದಿನ ಬಸ್ಸಿಗೆ ಅಂಗಡಿಯೊಂದರ ಚಾವಣಿ ಕೆಳಗೆ ನೆನೆಯುತ್ತಾ ನಿಂತೆವು. ತಂಗಿ ಫೋನಲ್ಲಿ, "ಅಕ್ಕಾ, ಭಾವನ್ನ ಆಟೋ ಕೇಳಕ್ಕೆ ಹೇಳು" ಅಂತಿದ್ದಳು. ಆಟೋದವರು ಹೇಳಿದ ರೇಟಿಗೆ ತುಮಕೂರಿಂದ ಮಂಗಳೂರಿಗೇ ಟಿಕೆಟ್ ಬರುತ್ತಿತ್ತು.

ಆ ಡ್ರೈವರನ್ನು ಬೈದು ಪ್ರಯೋಜನವಿಲ್ಲ. ಖಾಸಗಿ ಬಸ್ಸಿಗೆ ಪರ್ಮಿಟ್ ಜೊತೆ ಟೈಮಿಂಗ್ಸ್ ಬರುತ್ತದೆ. ಈ ಕ್ರಾಸ್ ಇಷ್ಟು ಗಂಟೆಗೆ ಬಿಡಬೇಕು ಅಂತ. ಹಿಂದಿನ ಬಸ್ಸಿಗೂ ಇವನಿಗೂ ಮಧ್ಯೆ ಇರುವುದು ಕೆಲವೇ ನಿಮಿಷ. ಇವನು ನಮಗಾಗಿ ಎರಡು ನಿಮಿಷ ನಿಂತರೆ ಮುಂದಿನ ಸ್ಟಾಪಿನ ಪ್ಯಾಸೆಂಜರ್ ಹಿಂದಿನವನ ಪಾಲು, ಆಮೇಲೆ ಟೈಮ್ ಕೀಪರ್ ಹತ್ತಿರ ಜಗಳ. ಕಾಯದೇ ಇರುವಂತೆ ವ್ಯವಸ್ಥೆ ಮಾಡಿಟ್ಟು, ಕಾಯಲಿಲ್ಲ ಅಂದ್ರೆ ಹೇಗೆ?

ಆದ್ದರಿಂದ ರಿಪೇರಿ ಆಗಬೇಕಾದ್ದು ಟೈಮಿಂಗ್ಸ್ ಪಟ್ಟಿಯಲ್ಲೇ. ಪರ್ಮಿಟ್, ಟೈಮಿಂಗ್ಸ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಹೆದ್ದಾರಿ ಬಸ್ಸು ಕ್ರಾಸಿಗೆ ಬರುವ ಟೈಮು, ಒಳಗಿನ ರಸ್ತೆಯ ಬಸ್ಸು ಹೊರಡುವ ಟೈಮು ಎರಡನ್ನೂ ಎದುರು ಬದುರು ಇಟ್ಟುಕೊಂಡು ಕೂರಲಿ. ಹಗಲೆಲ್ಲಾ ಬೇಡ. ಹತ್ತು ನಿಮಿಷಕ್ಕೊಂದು ಬಸ್ ಇರುವಾಗ ಯಾರೂ ಯಾರಿಗೂ ಕಾಯಬೇಕಿಲ್ಲ. ಸಂಜೆ ಕೊನೆಯ ಒಂದೆರಡು ಬಸ್ಸುಗಳಿಗೆ ಮಾತ್ರ ಐದು ನಿಮಿಷ ನಿಲ್ಲುವ ಅವಕಾಶ ಪಟ್ಟಿಯಲ್ಲೇ ಬರೆದು ಕೊಡಲಿ. ಬರೆದುಕೊಟ್ಟರೆ ಹಿಂದಿನವನೂ ಹಾರ್ನ್ ಹೊಡೆಯುವುದಿಲ್ಲ.

ಖಾಸಗಿಯವರೂ ಸರ್ಕಾರಿಯವರೂ ಹೊಂದಿಕೊಂಡು ಓಡಿಸುವುದು ಆಗದ ಮಾತು ಅನ್ನುವವರು ಮಂಗಳೂರು–ಕಾಸರಗೋಡು ರೂಟ್ ನೋಡಲಿ. ಕರ್ನಾಟಕದ ನಿಗಮ, ಕೇರಳದ ನಿಗಮ, ಎರಡು ರಾಜ್ಯ, ಎರಡು ಭಾಷೆ, ಆದರೂ ಒಂದೇ ರೂಟನ್ನು ಹಂಚಿಕೊಂಡು ಓಡಿಸುತ್ತಿದ್ದಾರೆ. ಒಂದೇ ಊರಿನವರಿಗೆ ಯಾಕಾಗಬಾರದು?

ಇನ್ನೊಂದು, ಬದಲಾಯಿಸುವ ಕೆಲಸವನ್ನೇ ತಪ್ಪಿಸುವ ರೂಟುಗಳು. ಮಲ್ಪೆ–ಮಣಿಪಾಲ ಸಿಟಿ ಬಸ್ಸು ಹತ್ತಿ ನೋಡಿ. ಬಂದರಿಂದ ಹೊರಟು, ಉಡುಪಿ ಪೇಟೆ ನಡುವೆ ಹಾದು, ಗುಡ್ಡದ ಮೇಲಿನ ಆಸ್ಪತ್ರೆ ಕಡೆಗೆ ಒಂದೇ ಬಸ್ಸು. ಮೀನು ಮಾರುವವರು, ನರ್ಸುಗಳು, ಕಾಲೇಜಿನವರು, ಡಾಕ್ಟರ್ ಹತ್ತಿರ ಹೋಗುವ ಅಜ್ಜಿ, ಎಲ್ಲಾ ಅದರಲ್ಲೇ. ಪೇಟೆಯಲ್ಲಿ ಎಲ್ಲರನ್ನೂ ಇಳಿಸಿ ವಾಪಸ್ ಹೋಗುವ ಬದಲು ಹೀಗೆ ಆಚೆಯಿಂದೀಚೆಗೆ ಹಾಯಿಸಿದ ರೂಟು ಇನ್ನಷ್ಟು ಬೇಕು. ಪಡುಬಿದ್ರಿ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ, ಜನ ಬರುತ್ತಾರೆ. ನಾವು ಹೋದಾಗ ಹೆದ್ದಾರಿಯಿಂದ ಆಟೋ ಮಾಡಿಕೊಂಡೇ ಹೋಗಿದ್ದು. ಕಾರ್ಕಳದಿಂದ ಬರುವ ನಾಲ್ಕು ಬಸ್ಸು ಅಲ್ಲಿವರೆಗೆ ಹೋಗಿ ತಿರುಗಿದರೆ ಊರವರಿಗೂ ಆಯಿತು, ನಮ್ಮಂಥವರಿಗೂ ಆಯಿತು.

ಹೆಂಗಸರಿಗೆ ಒಂದು ಮಾತು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ತುಮಕೂರಿಂದ ಮಂಗಳೂರಿನವರೆಗೆ ಸರ್ಕಾರಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ಆಧಾರ್ ತೋರಿಸಿ ಫ್ರೀ ಟಿಕೆಟಲ್ಲಿ ಹೋಗಬಹುದು, ರಾಜಹಂಸ, ಐರಾವತಕ್ಕೆ ಇಲ್ಲ. ಖಾಸಗಿ ಬಸ್ಸು ಹತ್ತಿದ ಕೂಡಲೇ ಪೂರ್ತಿ ಟಿಕೆಟ್. ಖಾಸಗಿಯವರು ಫ್ರೀ ಬಿಡಬೇಕು ಅಂತ ನಾನು ಹೇಳುತ್ತಿಲ್ಲ, ಅವರೂ ಡೀಸೆಲ್ ಹಾಕಬೇಕಲ್ಲ. ಆದರೆ ಕೂಲಿಗೆ, ಆಸ್ಪತ್ರೆಗೆ ದಿನಾ ಹೋಗುವ ಅಲ್ಲಿನ ಹೆಂಗಸರಿಗೆ ರಾಜ್ಯದ ಬೇರೆ ಕಡೆ ಸಿಗುವಷ್ಟು ಲಾಭ ಸಿಗುತ್ತಿಲ್ಲ. ಒಳರಸ್ತೆಗಳಿಗೆ ಸರ್ಕಾರಿ ಬಸ್ಸು, ಅಲ್ಲಿನವರು ನರ್ಮ್ ಬಸ್ ಅನ್ನುತ್ತಾರಲ್ಲ, ಅಂಥದ್ದು ಇನ್ನೊಂದಿಷ್ಟು ಬಿಡಬಹುದು.

ನಮ್ಮೂರೇನು ಸಾಚಾ ಅಂತ ಕೇಳಬೇಡಿ. ಹುಬ್ಬಳ್ಳಿ, ದಾವಣಗೆರೆ ಕಡೆಯ ಎಷ್ಟೋ ಬಸ್ಸು ತುಮಕೂರೊಳಗೆ ಬರದೆ ಬೈಪಾಸಲ್ಲೇ ಇಳಿಸಿ ಹೋಗುತ್ತವೆ, ಮಧ್ಯರಾತ್ರಿ ಕ್ಯಾತ್ಸಂದ್ರದಲ್ಲಿ ಆಟೋ ಜೊತೆ ಚೌಕಾಸಿ ಮಾಡುವುದು ನಮಗೂ ಗೊತ್ತು. ಆ ರಿವ್ಯೂ ಇನ್ನೊಂದು ದಿನ.

ತುಮಕೂರಿಂದ ಹೋಗುವವರು ಬೆಳಗಿನ ಮೊದಲ ಬಸ್ಸಿಗೇ ಹಾಸನದ ಕಡೆ ಹೊರಡಿ, ಕತ್ತಲಾಗುವ ಮುಂಚೆ ಕ್ರಾಸ್ ಮುಟ್ಟಬೇಕು. ಮಳೆಗಾಲದಲ್ಲಿ ಶಿರಾಡಿ ತೆರೆದಿದೆಯಾ ಅಂತ ಬೆಳಗ್ಗೆಯೇ ನೋಡಿ. 2024ರಲ್ಲಿ ಸಕಲೇಶಪುರ ಹತ್ತಿರ ದೊಡ್ಡತಪ್ಪಲಲ್ಲಿ ಗುಡ್ಡ ಜಾರಿ ಎಷ್ಟು ಜನ ಮಧ್ಯದಲ್ಲಿ ಸಿಕ್ಕಿಕೊಂಡರು. ಉಡುಪಿ ಕಡೆ ಹೋಗುವವರು ಬಿಜೈಯಲ್ಲಿ ಇಳಿದು ಸ್ಟೇಟ್ ಬ್ಯಾಂಕಿಗೆ ಓಡಬೇಡಿ, ಲಾಲ್‌ಬಾಗ್‌ಗೆ ನಡೆದು ಬಂದರೆ ಅಲ್ಲೇ ಸಿಗುತ್ತದೆ. ಮೂಡಬಿದ್ರಿ, ವಿಟ್ಲ, ಬೆಳ್ತಂಗಡಿ ಕಡೆಯವರು ಮಂಗಳೂರಿಗೆ ಹೋಗುವುದೇ ಬೇಡ, ಬಿ.ಸಿ. ರೋಡಲ್ಲಿ ಇಳಿಯಿರಿ. ಇಳಿಯುವ ಮುಂಚೆ ಕಂಡಕ್ಟರ್‌ನ "ಮುಂದಿನ ಬಸ್ಸು ಯಾವ ಬದಿ ನಿಲ್ತದೆ" ಅಂತ ಕೇಳಿ. ಲಾಸ್ಟ್ ಬಸ್ ಎಷ್ಟಕ್ಕೆ ಅನ್ನುವುದನ್ನು ಮಾತ್ರ ಒಬ್ಬರನ್ನು ಕೇಳಿ ಸುಮ್ಮನಾಗಬೇಡಿ, ಕ್ರಾಸಿನ ಅಂಗಡಿಯವರನ್ನೂ ಕೇಳಿ. ಅವರು ದಿನಾ ನೋಡುತ್ತಿರುತ್ತಾರೆ.