ಬೀಗರೂಟಕ್ಕೆ ಆರ್ಕೆಸ್ಟ್ರಾ ಬಿಟ್ಟು ಜನಪದ ತಂಡ ಕರೆಸಿದ್ವಿ, ಹೆಂಗಿತ್ತು ಅಂದ್ರೆ

ಹೋದ ತಿಂಗ್ಳು ಮಂಡ್ಯದಲ್ಲಿ ನಮ್ಮಕ್ಕನ ಮಗಳ ಬೀಗರೂಟ. ಆರ್ಕೆಸ್ಟ್ರಾದವ್ರ ರೇಟ್ ಕೇಳಿ ನಮ್ ಭಾವ ಫೋನ್ ಇಟ್ಬಿಟ್ರು, ಅದಕ್ಕೆ ಪರಿಚಯದವ್ರ ಮೂಲಕ ಮಳವಳ್ಳಿ ಕಡೆಯ ಒಂದು ತಂಡ ಒಪ್ಪಿಸಿದ್ವಿ, ಆರು ಜನ, ಎರಡು ಗಂಟೆ, ಗಾಡಿ ಖರ್ಚು ಸೇರಿ 15,000. ತಂಡದ ಹಿರಿಯರು ಒಂದೇ ಕಂಡೀಷನ್ ಹಾಕಿದ್ರು, ಮಾದಪ್ಪನ (ಮಲೆ ಮಾದೇಶ್ವರನ) ಹಾಡೆಲ್ಲ ಎಲೆ ಹಾಕೋಕ್ ಮುಂಚೆನೇ, ಬಾಡೂಟ ಶುರುವಾದ್ಮೇಲೆ ಹೇಳಲ್ಲ ಅಂತ. ಸರಿ ಅಂದ್ವಿ.

ಹುಡುಗ್ರು ಕೂತ ತಕ್ಷಣ ಗರುಡ ಗಮನ ಸಾಂಗ್ ಹಾಕಿ ಅಂತ ಕೂಗಿದ್ರು. ಸೋಜುಗಾದ ಸೂಜುಮಲ್ಲಿಗೆ ಕಣ್ರೀ, 2021ರ ಪಿಚ್ಚರಲ್ಲಿ ಬಂದಿದ್ದು. ಹಿರಿಯರು ನಕ್ಕು 'ಪಿಚ್ಚರ್ ಮೊನ್ನೆ ಬಂತು ಕಣಪ್ಪ, ನಮ್ ತಾತನೂ ಇದನ್ನೇ ಹೇಳೋನು' ಅಂದ್ರು. ಪಿಚ್ಚರಲ್ಲಿ ಅದು ನಿಧಾನಕ್ಕೆ, ಒಬ್ಬಳೇ ಕೂತು ಮಾದೇವನ ಜೊತೆ ಮಾತಾಡ್ದಂಗಿದೆ, ಚೆನ್ನಾಗೂ ಇದೆ. ಇಲ್ಲಿ ಮೂರು ಜೊತೆ ಕಂಸಾಳೆ ಶುರುವಾಯ್ತು ನೋಡಿ, ಎಡಗೈಲಿ ಬಟ್ಟಲು, ಬಲಗೈಲಿ ದಾರ ಕಟ್ಟಿದ ತಾಳ, ಅದನ್ನ ಬೀಸಿ ಬೀಸಿ ಹೊಡೀತಾ ಒಬ್ರು ಸಾಲು ಹೇಳೋದು, ಹಿಮ್ಮೇಳ ಸೊಲ್ಲು ಎತ್ಕೊಳ್ಳೋದು, ಸ್ಪೀಡ್ ಏರ್ತಾ ಏರ್ತಾ ಕೊನೆಗೆ ನಮ್ಮ ಅಜ್ಜಿ ಎದ್ದು ಕೈ ಮುಗಿದ್ರು. ಮಾತು ಅದೇ, ಹಾಡೇ ಬೇರೆ.

ಆಮೇಲೆ ಎಲೆ ಹಾಕಿದ್ರು, ಇವ್ರು ಶಿಶುನಾಳ ಶರೀಫರ ಕೋಡಗನ ಕೋಳಿ ನುಂಗಿತ್ತ ಎತ್ಕೊಂಡ್ರು. ನಮ್ ಕಿವಿಲಿ ಕೂತಿರೋದು ಸಿ. ಅಶ್ವಥ್ ಧಾಟಿ. ಇವ್ರು ಅದನ್ನ ಮುಟ್ಲೇ ಇಲ್ಲ, ತಂಬೂರಿ, ದಮ್ಮಡಿ ಅನ್ನೋ ಸಣ್ಣ ಚರ್ಮವಾದ್ಯ ಇಟ್ಕೊಂಡು, ನಮ್ಮ ಕಡೆ ಜನಪದ ಕಾವ್ಯ ಮಂಟೇಸ್ವಾಮಿ ಕಥೆ ಹೇಳೋ ಧಾಟಿಲಿ, ನಮ್ಮೂರ ಮಾತಿನ ಎಳೆತದಲ್ಲೇ ಹೇಳಿದ್ರು. ಮೊದಲನೇ ನುಡಿ ಮುಗಿಯೋವರ್ಗೂ ನಂಗೆ ಒಗ್ಗಲಿಲ್ಲ, ಎರಡನೇದಕ್ಕೆ ಒಗ್ತು. ಪಕ್ಕದಲ್ಲಿದ್ದ ಮೇಷ್ಟ್ರೊಬ್ರು ಹಿಂಗೆಲ್ಲ ಕೆಡಿಸಬಾರ್ದು ಅಂದ್ರು. ಅಲ್ಲ ಸಾರ್, ಶರೀಫರು ಹೋಗಿದ್ದು 1889ರಲ್ಲಿ, ಅವ್ರು ಹೆಂಗೆ ಹಾಡಿದ್ರು ಅನ್ನೋ ರೆಕಾರ್ಡ್ ಯಾರತ್ರ ಇದೆ, ಅಶ್ವಥ್ ಕೂಡ ತಮಗೆ ದಕ್ಕಿದಂಗೆ ಹಾಡಿದ್ದಲ್ವಾ? ಮೇಷ್ಟ್ರು ಬೋಟಿ ಗೊಜ್ಜಿನ ಕಡೆ ತಿರುಗಿದ್ರು.

ಈಗ ಬೇಜಾರಿನ ವಿಷ್ಯ. ಕೊನೆ ಅರ್ಧ ಗಂಟೆ ತಂಡದ ಹುಡುಗನೊಬ್ಬ ಮೊಬೈಲಲ್ಲಿ ಕರೋಕೆ ಟ್ರ್ಯಾಕ್ ಹಾಕ್ಕೊಂಡು ಸಿನಿಮಾ ಹಾಡುಗಳನ್ನ ಇದ್ದಂಗೇ ಇಳಿಸಿದ, ಕಂಸಾಳೆಯವ್ರು ಸುಮ್ನೆ ಪಕ್ಕದಲ್ಲಿ ಕೂತಿದ್ರು. ಅದನ್ನ ಕೇಳೋಕೆ ಸ್ಪೀಕರ್ ಸಾಕಾಗಿತ್ತಲ್ಲ! ಕೇಳಿದ್ರೆ 'ಮದ್ವೆ ಮನೇಲಿ ಜನ ಇದನ್ನೇ ಕೇಳ್ತಾರೆ ಸಾರ್' ಅಂದ. ತಪ್ಪು ಅವನ್ದು ಅಂತ ಪೂರ್ತಿ ಹೇಳೋಕಾಗಲ್ಲ, ನಾವೇ ಮುಂಚೆ ಹೇಳ್ಬೇಕಿತ್ತು. ಛತ್ರದ ಸೌಂಡಂತೂ ಕೇಳ್ಬೇಡಿ, ತಂಬೂರಿ ಮುಂದಿನ ಎರಡು ಸಾಲಿಗೆ ಬಿಟ್ರೆ ಯಾರಿಗೂ ಕೇಳಿಸ್ಲಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಕರೆಸೋರು ಟ್ರ್ಯಾಕ್ ಬೇಡ ಅಂತ ಮೊದಲೇ ಹೇಳಿ, ತಂಬೂರಿಗೆ ಬೇರೆ ಮೈಕ್ ಇಡಿಸಿ. ಹಿರಿಯರು ಮಾತ್ರ ಮುದ್ದೆ ಬಾಡು ಮುಟ್ಟದೆ ಮೊಸರನ್ನ ಉಂಡ್ಕೊಂಡು, ಹೊಸ ಮನೆ ಕಟ್ಟಿದ್ರೆ ರಾತ್ರಿಯಿಡೀ ಕಥೆ ಮಾಡಿಸ್ರಪ್ಪ, ಎರಡು ಗಂಟೇಲಿ ಏನ್ ಹೇಳೋಕಾಗುತ್ತೆ ಅಂತ ಹೇಳಿ ಹೋದ್ರು.