ಸ್ಟ್ರಾಲರ್ ಕೊಳ್ಳುವ ಮುನ್ನ ಸೀಟಿನ ಅಡಿಯನ್ನೊಮ್ಮೆ ನೋಡಿ

ಐದು ಕೆಜಿಗಿಂತ ಕಡಿಮೆ ತೂಕ. ಒಂದೇ ಕೈಯಲ್ಲಿ ಮಡಚಬಹುದು. ಹುಟ್ಟಿದ ದಿನದಿಂದಲೇ ಬಳಸಬಹುದು. ಮಾರಾಟದ ಪುಟದಲ್ಲಿದ್ದ ಈ ಮೂರು ಮಾತುಗಳಲ್ಲಿ ಮೊದಲೆರಡು ನಿಜ. ಮೂರನೆಯದನ್ನು ನಂಬಿದ್ದಕ್ಕೆ ನನ್ನ ಆರು ವಾರದ ಮಗಳಿಗೆ ಏನಾಗಬಹುದಿತ್ತು ಎಂದು ನೆನೆದರೆ ಈಗಲೂ ರಾತ್ರಿ ಎದ್ದು ಕೂರುತ್ತೇನೆ. ಹಸುಗೂಸಿಗೆಂದು ಹಗುರವಾದ ಸ್ಟ್ರಾಲರ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಹಗುರವಾದದ್ದೇ ಬೇಕೆಂದು ಹಟ ಹಿಡಿದವಳು ನಾನು. ಹೆರಿಗೆ ಶಸ್ತ್ರಚಿಕಿತ್ಸೆಯಿಂದ ಆಗಿತ್ತು; ಮಗುವಿಗಿಂತ ಭಾರವಾದದ್ದೇನನ್ನೂ ಕೆಲವು ವಾರ ಎತ್ತಕೂಡದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹಾಲೂಡಿಸುತ್ತ ಕುಳಿತ ಅಪರಾತ್ರಿಗಳಲ್ಲಿ ಮೊಬೈಲಿನಲ್ಲಿ ಒಂದೊಂದೇ ಗಾಡಿಯ ತೂಕ ನೋಡುತ್ತಿದ್ದೆ. ಒಂಬತ್ತು ಕೆಜಿ, ಎಂಟೂವರೆ, ಏಳು. ಕೊನೆಗೆ 4.9 ಕೆಜಿಯದು ಸಿಕ್ಕಿತು. ಉಳಿದ ಗಾಡಿಗಳಲ್ಲಿ ಇರುವ ಯಾವುದನ್ನು ತೆಗೆದುಹಾಕಿ ಇದನ್ನು ಇಷ್ಟು ಹಗುರ ಮಾಡಿದ್ದಾರೆ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಗಾಡಿ ಬಂದ ದಿನ ಅಮ್ಮ ಅದರ ಸೀಟನ್ನು ಕೈಯಿಂದ ಒತ್ತಿ ನೋಡಿ, "ಇನ್ನೂ ಕತ್ತು ನಿಲ್ಲದ ಕೂಸನ್ನು ಇದರಲ್ಲಿ ಕೂರಿಸುತ್ತೀಯೇನೇ?" ಎಂದು ಕೇಳಿದ್ದರು. ನಾನು ಮೊಬೈಲ್ ತೆಗೆದು ‘ಹುಟ್ಟಿದ ದಿನದಿಂದಲೇ’ ಎಂಬ ಸಾಲನ್ನು ಅವರಿಗೆ ತೋರಿಸಿದೆ. ಮೂರು ಮಕ್ಕಳನ್ನು ಸಾಕಿದವರ ಮಾತಿಗಿಂತ ಮಾರುವವನ ಒಂದು ಸಾಲು ನನಗೆ ಹೆಚ್ಚಾಗಿತ್ತು.

ಆರನೆಯ ವಾರದ ಲಸಿಕೆಗೆ ಹೊರಟೆವು. ನಡೆದರೆ ಇಪ್ಪತ್ತು ನಿಮಿಷದ ದಾರಿ. ಅಮ್ಮ ಗಾಡಿಯನ್ನು ಕೆಳಗಿಳಿಸಿದರು, ನಾನು ಮಗುವನ್ನು ಎತ್ತಿಕೊಂಡು ಬಂದು ಕೂರಿಸಿ ಬೆಲ್ಟ್ ಹಾಕಿದೆ. ಬೆನ್ನೊರಗನ್ನು ಎಷ್ಟು ಹಿಂದಕ್ಕೆ ಬಾಗುತ್ತದೆಯೋ ಅಷ್ಟೂ ಬಾಗಿಸಿದ್ದೆ. ಬಿಸಿಲಿತ್ತೆಂದು ಮೇಲಿನ ಚಾವಣಿಯನ್ನು ಪೂರ್ತಿ ಮುಂದಕ್ಕೆ ಎಳೆದೆ. ಇಂಥ ಹಗುರ ಗಾಡಿಗಳಲ್ಲಿ ಹೆಚ್ಚಿನವುಗಳಲ್ಲಿ ಮಗುವಿನ ಮುಖ ರಸ್ತೆಯ ಕಡೆಗಿರುತ್ತದೆ. ತಳ್ಳುವವರಿಗೆ ಕಾಣುವುದು ಚಾವಣಿಯ ಬೆನ್ನು ಮಾತ್ರ. ಮಗಳು ಅಳಲಿಲ್ಲ, ಮಿಸುಕಲಿಲ್ಲ. ಗಾಡಿಯ ಓಲಾಟಕ್ಕೆ ನಿದ್ದೆ ಹತ್ತಿತು ಎಂದುಕೊಂಡು ನಾವಿಬ್ಬರೂ ನೆಮ್ಮದಿಯಾಗಿ ಮಾತಾಡುತ್ತ ನಡೆದೆವು.

ರಸ್ತೆ ದಾಟಲು ನಿಂತಾಗ ಸುಮ್ಮನೆ ಒಮ್ಮೆ ನೋಡೋಣವೆಂದು ಮುಂದಕ್ಕೆ ಬಂದು ಬಗ್ಗಿದೆ. ಮಗುವಿನ ಸೊಂಟ ಸೀಟಿನ ಅಂಚಿನವರೆಗೆ ಜಾರಿತ್ತು. ಬೆನ್ನು ಬಿಲ್ಲಿನಂತೆ ಬಾಗಿತ್ತು. ತಲೆ ಮುಂದಕ್ಕೆ ವಾಲಿ, ಗದ್ದ ಎದೆಗೆ ಎಷ್ಟು ಒತ್ತಿಕೊಂಡಿತ್ತೆಂದರೆ ಕುತ್ತಿಗೆಯೇ ಕಾಣುತ್ತಿರಲಿಲ್ಲ. ಮೂಗಿನ ಹೊಳ್ಳೆಗಳು ಪ್ರತಿ ಉಸಿರಿಗೂ ಅರಳುತ್ತಿದ್ದವು, ಗಂಟಲಿನಿಂದ ನರಳಿದ ಹಾಗೆ ಸಣ್ಣ ದನಿ ಬರುತ್ತಿತ್ತು. ತುಟಿಯ ಸುತ್ತ ಬಣ್ಣ ಮಾಸಿತ್ತು. ಬಕಲ್ಲಿನ ಗುಂಡಿ ಒತ್ತಲು ಹೋದರೆ ನನ್ನ ಬೆರಳುಗಳು ನಿಲ್ಲುತ್ತಿಲ್ಲ. ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಬಿಚ್ಚಿ, ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಅವಳು ಒಂದು ದೀರ್ಘ ಉಸಿರು ಎಳೆದುಕೊಂಡು ಗಟ್ಟಿಯಾಗಿ ಅತ್ತಳು. ಅಷ್ಟು ಹಿತವಾದ ಅಳುವನ್ನು ನಾನು ಹೆರಿಗೆಯ ಕೋಣೆಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಲ್ಲ.

ಮಕ್ಕಳ ವೈದ್ಯರು ಪರೀಕ್ಷಿಸಿ ಏನೂ ತೊಂದರೆಯಾಗಿಲ್ಲ ಎಂದರು. ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ಪ್ರತಿಯೊಬ್ಬ ತಾಯಿತಂದೆಯೂ ತಿಳಿದಿರಬೇಕು. ಹುಟ್ಟಿದ ಮಗುವಿನ ತಲೆ ಅದರ ಇಡೀ ಮೈಯ ಉದ್ದದ ಕಾಲು ಭಾಗದಷ್ಟಿರುತ್ತದೆ. ಆ ಭಾರವನ್ನು ಹಿಡಿದು ನಿಲ್ಲಿಸುವ ಬಲ ಕುತ್ತಿಗೆಗೆ ಬಂದಿರುವುದಿಲ್ಲ. ಉಸಿರಿನ ನಾಳ ಸಣ್ಣದು, ಮೆತ್ತಗಿನದು. ಗದ್ದ ಎದೆಗೆ ಬಿದ್ದಾಗ ಅದು ಮಡಚಿ ಕಿರಿದಾಗುತ್ತದೆ. ದೊಡ್ಡವರಾದರೆ ಎಚ್ಚೆತ್ತು ತಲೆಯೆತ್ತುತ್ತಾರೆ. ಎಳೆಗೂಸಿಗೆ ತಲೆಯೆತ್ತಲೂ ಆಗದು, ಉಸಿರು ಕಟ್ಟಿದಾಗ ಅಳಲೂ ಆಗದು. ಹಾಗಾಗಿ ಮಗು ಸದ್ದಿಲ್ಲದೆ ಇರುವುದನ್ನು ಸುಖನಿದ್ದೆ ಎಂದುಕೊಳ್ಳುವುದು ಬಹಳ ಅಪಾಯ. ನಾನು ಮಾಡಿದ್ದು ಅದನ್ನೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯಲ್ಲೂ ಕಾರ್ ಸೀಟು, ಸ್ಟ್ರಾಲರ್, ತೂಗುಕುರ್ಚಿಯಂಥ ಕೂರಿಸುವ ಸಾಧನಗಳು ದಿನನಿತ್ಯದ ನಿದ್ದೆಗೆ ತಕ್ಕವಲ್ಲ, ನಾಲ್ಕು ತಿಂಗಳಿಗಿಂತ ಚಿಕ್ಕ ಮಕ್ಕಳಿಗಂತೂ ಬೇಡ ಎಂದೇ ಇದೆ.

"ಗಾಡಿಯನ್ನು ಒಳಗೆ ತನ್ನಿ" ಎಂದರು ವೈದ್ಯರು. ತಂದೆವು. ಅವರು ಅದನ್ನು ಮಗುಚಿ ಸೀಟಿನ ಅಡಿಯ ಬಟ್ಟೆಯನ್ನು ಬೆರಳಿನಿಂದ ಬಿಡಿಸಿದರು. ಹೊಲಿಗೆಯ ಮಡಿಕೆಯೊಳಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಬಿಳಿ ಪಟ್ಟಿ. ಅದರ ಮೇಲೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ, ಈ ಸೀಟು ಆರು ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ತಕ್ಕುದಲ್ಲ ಎಂದು ಬರೆದಿತ್ತು. ತಯಾರಿಸಿದವರಿಗೆ ಗೊತ್ತಿತ್ತು. ಮಾರಿದವರು ಓದಲಿಲ್ಲ, ಅಥವಾ ಓದಿಯೂ ಮುಚ್ಚಿಟ್ಟರು. ಎರಡರಲ್ಲಿ ಯಾವುದಾದರೂ ನನಗೆ ಕ್ಷಮಿಸಲಾಗದು.

ಆ ಎಚ್ಚರಿಕೆಯ ಹಿಂದೆ ಒಂದು ಅಳತೆ ಇದೆ. ಯುರೋಪಿನ ತಳ್ಳುಗಾಡಿಗಳ ಮಾನದಂಡ ಇಎನ್ 1888ರ ಪ್ರಕಾರ, ಆರು ತಿಂಗಳೊಳಗಿನ ಮಗುವಿಗೆ ಬಳಸುವ ಸೀಟಿನಲ್ಲಿ ಕೂರುವ ಭಾಗಕ್ಕೂ ಬೆನ್ನೊರಗಿಗೂ ನಡುವೆ ಕಡಿಮೆಯೆಂದರೆ 150 ಡಿಗ್ರಿ ಕೋನ ಬರುವಷ್ಟು ಒರಗು ಹಿಂದಕ್ಕೆ ಬಾಗಬೇಕು. 150 ಡಿಗ್ರಿ ಎಂದರೆ ಎಷ್ಟು ಎಂಬುದು ಬೇಗ ಕಣ್ಣಿಗೆ ಕಟ್ಟಬೇಕೆಂದರೆ ಗೋಡೆ ಗಡಿಯಾರ ನೋಡಿ. ಸರಿಯಾಗಿ ಐದು ಗಂಟೆಯಾದಾಗ ಎರಡು ಮುಳ್ಳುಗಳ ನಡುವೆ ಇರುವುದು ಅಷ್ಟೇ ಕೋನ. ಮನೆಗೆ ಬಂದವಳೇ ಅಣ್ಣನ ಮಗನ ಜ್ಯಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದು ಅಳೆದೆ. ಪೂರ್ತಿ ಬಾಗಿಸಿದಾಗಲೂ ನಮ್ಮ ಗಾಡಿ ನಾಲ್ಕು ಗಂಟೆ ತೋರಿಸುತ್ತಿತ್ತು, ಅಂದರೆ 120ರ ಆಸುಪಾಸು.

ಕೋನ ಸರಿಯಿದ್ದರೂ ಸಾಲದು ಎಂಬುದು ಅಳೆಯುವಾಗಲೇ ತಿಳಿಯಿತು. ಹಗುರ ಗಾಡಿಗಳ ಸೀಟು ಎರಡು ಕೊಳವೆಗಳ ನಡುವೆ ಬಿಗಿದ ಬರೀ ಬಟ್ಟೆ. ಅಡಿಯಲ್ಲಿ ಹಲಗೆ ಇರುವುದಿಲ್ಲ. ಖಾಲಿ ಇದ್ದಾಗ ಅದು ಬಿಗಿಯಾಗಿಯೇ ಕಾಣುತ್ತದೆ. ನಾಲ್ಕು ಕೆಜಿಯ ಚೀಲವೊಂದನ್ನು ಇಟ್ಟ ಕೂಡಲೇ ಅದು ಜೋಲಿಯಂತೆ ತಗ್ಗಿತು, ಚೀಲ ಮುದುಡಿ ಗುಂಡಗಾಯಿತು. ಮಗುವಿನ ಬೆನ್ನು ಬಾಗಿದ್ದೂ ಹೀಗೆಯೇ. ಭುಜದ ಬೆಲ್ಟುಗಳು ಹೊರಬರುವ ತೂತುಗಳಲ್ಲಿ ತೀರಾ ಕೆಳಗಿನದೂ ಮಗಳ ಕಿವಿಯ ಮಟ್ಟಕ್ಕಿತ್ತು. ಹಾಗಿರುವಾಗ ಬೆಲ್ಟ್ ಎಷ್ಟು ಎಳೆದರೂ ಮೈಯನ್ನು ಹಿಡಿಯುವುದಿಲ್ಲ, ಮಗು ಅದರ ಕೆಳಗೆ ಜಾರುತ್ತಲೇ ಇರುತ್ತದೆ.

ಮಾರಿದವರಿಗೆ ಫೋನ್ ಮಾಡಿದೆ. ತಲೆಯ ಹಿಂದೆ ಒಂದು ದಿಂಬು ಇಟ್ಟರೆ ಸರಿಹೋಗುತ್ತದೆ, ಅದನ್ನೂ ನಾವೇ ಮಾರುತ್ತೇವೆ ಎಂದರು. ದಯವಿಟ್ಟು ಈ ಸಲಹೆಗೆ ಕಿವಿಗೊಡಬೇಡಿ. ತಲೆಯ ಹಿಂದಿನ ದಿಂಬು ತಲೆಯನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ, ಗದ್ದ ಮತ್ತಷ್ಟು ಬೇಗ ಎದೆಗೆ ತಾಗುತ್ತದೆ. ವಾಪಸು ತೆಗೆದುಕೊಳ್ಳಿ ಎಂದರೆ ಚಕ್ರಗಳಿಗೆ ಮಣ್ಣು ಹತ್ತಿದೆ, ಬಳಸಿದ ವಸ್ತು ಎಂದು ನಿರಾಕರಿಸಿದರು. ಪುಟದಲ್ಲಿ ಬರೆದಿರುವ ಆ ಒಂದು ಸಾಲನ್ನಾದರೂ ತೆಗೆಯಿರಿ ಎಂದು ಮೂರು ಸಲ ಪತ್ರ ಬರೆದಿದ್ದೇನೆ. ಇನ್ನೂ ಹಾಗೆಯೇ ಇದೆ. ನನಗೆ ಹಣ ಹೋದ ಬೇಸರವಿಲ್ಲ. ಆ ಸಾಲನ್ನು ಇವತ್ತು ರಾತ್ರಿಯೂ ಯಾವಳೋ ಬಾಣಂತಿ ಓದುತ್ತಿರುತ್ತಾಳೆ ಎಂಬುದೇ ಸಂಕಟ.

ಹಗುರ ಗಾಡಿಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕೊಡೆಯಂತೆ ಮಡಚುವ ಸ್ಟ್ರಾಲರ್ ಅನ್ನು 1965ರಲ್ಲಿ ರೂಪಿಸಿದ ಓವನ್ ಮೆಕ್ಲಾರೆನ್ ವಿಮಾನದ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ವ್ಯವಸ್ಥೆಯ ಮೇಲೆ ಕೆಲಸ ಮಾಡಿದವರು. ಅಲ್ಯೂಮಿನಿಯಂ ಕೊಳವೆಗಳಿಂದ ಅವರು ಮಾಡಿದ ಗಾಡಿ ಮೂರು ಕೆಜಿಯೊಳಗಿತ್ತು. ಕತ್ತು ಗಟ್ಟಿಯಾಗಿ, ತಾನಾಗಿ ಕೂರುವ ಮಗುವಿಗೆ ಅಂಥ ಗಾಡಿ ದೊಡ್ಡ ಅನುಕೂಲ. ಅದನ್ನು ಎಳೆಗೂಸಿಗೂ ಸೇರಿಸಿ ಮಾರುವುದೇ ತಪ್ಪು. ಬೆನ್ನೊರಗು ಪೂರ್ತಿ ಮಲಗುವ, ಸೀಟಿನ ಅಡಿಯಲ್ಲಿ ಗಟ್ಟಿ ಹಲಗೆಯಿರುವ, ಮಗುವಿನ ಮುಖ ನಮ್ಮ ಕಡೆಗೆ ತಿರುಗುವ ಗಾಡಿ ಸ್ವಲ್ಪ ಭಾರವೇ ಇರುತ್ತದೆ. ಆ ಹೆಚ್ಚಿನ ಒಂದೆರಡು ಕೆಜಿಯಲ್ಲೇ ಮಗುವಿನ ಉಸಿರಿನ ಕಾವಲಿದೆ.

ಹಗುರ ಗಾಡಿಯ ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಹಿಡಿಕೆಗೆ ಚೀಲ ನೇತುಹಾಕಬೇಡಿ. ಮಗಳನ್ನು ಎತ್ತಿಕೊಂಡ ಮರುಕ್ಷಣವೇ ನಮ್ಮ ಗಾಡಿ ಚೀಲದ ಭಾರಕ್ಕೆ ಹಿಮ್ಮುಖವಾಗಿ ಧಡಾರನೆ ಬಿದ್ದಿತ್ತು. ಅವಳು ಒಳಗಿರುವಾಗಲೇ ಬಿದ್ದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು. ಬಿಡಿಸುವಾಗ, ಮಡಚುವಾಗ ದೊಡ್ಡ ಮಕ್ಕಳನ್ನು ದೂರ ನಿಲ್ಲಿಸಿ. 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಮಡಚುವ ಸ್ಟ್ರಾಲರ್‌ಗಳನ್ನು ಒಟ್ಟಿಗೇ ಹಿಂಪಡೆಯಬೇಕಾಗಿ ಬಂದಿತ್ತು. ಕೀಲುಗಳ ನಡುವೆ ಸಿಕ್ಕಿ ಮಕ್ಕಳ ಬೆರಳ ತುದಿ ಕತ್ತರಿಸಿಹೋದ 12 ಪ್ರಕರಣಗಳು ವರದಿಯಾಗಿದ್ದವು.

ಈಗಾಗಲೇ ಕೊಂಡಿದ್ದರೆ ಇವತ್ತೇ ಗಾಡಿಯನ್ನು ಮಗುಚಿ ಆ ಪಟ್ಟಿ ಹುಡುಕಿ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ನಗುವ ಕೂಸಿಗೆ ಬೆಲೆ ಕೊಡಬೇಡಿ, ಹೊಲಿದ ಪಟ್ಟಿಯ ಮಾತೇ ಕೊನೆಯ ಮಾತು. ಯಾವ ಗಾಡಿಯಲ್ಲಿ ಮಲಗಿಸಿದರೂ ಮಗುವಿನ ಗದ್ದ ಮತ್ತು ಎದೆಯ ನಡುವೆ ನಿಮ್ಮ ಎರಡು ಬೆರಳು ಆರಾಮವಾಗಿ ಹೋಗಬೇಕು. ಚಾವಣಿಯ ಮೇಲೆ ಬಟ್ಟೆ ಹೊದಿಸಬೇಡಿ. ಒಳಗೆ ಸೆಕೆ ಏರುತ್ತದೆ, ಮುಖವೂ ಕಾಣುವುದಿಲ್ಲ. ಐದು ನಿಮಿಷಕ್ಕೊಮ್ಮೆ ಮುಂದೆ ಬಂದು ನೋಡಿ.

ನಮ್ಮ ಗಾಡಿ ಈಗ ಬಾಗಿಲ ಹಿಂದೆ ಮಡಚಿ ನಿಂತಿದೆ. ಮಗಳು ಎಂಟನೆಯ ತಿಂಗಳಲ್ಲಿ ತಾನಾಗಿ ಕೂರತೊಡಗಿದ ಮೇಲೆ ಅದರಲ್ಲಿ ಸಂತೋಷವಾಗಿಯೇ ತಿರುಗಾಡಿದ್ದಾಳೆ. ಕಳೆದ ವಾರ ಕೆಳಮನೆಯ ಹುಡುಗಿ ತನ್ನ ಒಂದು ತಿಂಗಳ ಗಂಡುಕೂಸನ್ನು ಎತ್ತಿಕೊಂಡು ಬಂದು, "ಅಕ್ಕಾ, ಸುಮ್ಮನೆ ಇದೆಯಲ್ಲ, ಸ್ವಲ್ಪ ದಿನಕ್ಕೆ ಕೊಡುತ್ತೀರಾ?" ಎಂದಳು. ನಾನು ಗಾಡಿಯನ್ನು ಮಗುಚಿ, ಬಟ್ಟೆಯ ಮಡಿಕೆ ಬಿಡಿಸಿ, ಆ ಬಿಳಿ ಪಟ್ಟಿಯನ್ನು ಅವಳಿಂದಲೇ ಓದಿಸಿದೆ. ಅದರ ಕೊಳವೆಗೆ ಈಗ ಅವಳ ಮಗುವಿನ ಹೆಸರು ಬರೆದ ಚೀಟಿ ಅಂಟಿಸಿದ್ದೇನೆ. ಅವನು ತಾನಾಗಿ ಕೂತ ದಿನ ಬಂದು ತೆಗೆದುಕೊಂಡು ಹೋಗುತ್ತಾಳೆ.